ಭೂಬಳಕೆಯ ಪರಿಭಾಷೆ: ಕರ್ನಾಟಕದ ಕೆಲವು ಪದಗಳ ಚರಿತ್ರೆ

೧

ಯಾವ ಅಧಿನಿಯಮವನ್ನು ತೆರೆದರೂ ಅದರ ಆರಂಭದಲ್ಲಿಯೇ ‘ಪರಿಭಾಷೆಗಳು’ ಎಂಬ ಒಂದು ಪ್ರಕರಣವು ಎದುರಾಗುತ್ತದೆ. ಓದುವವರಲ್ಲಿ ಬಹುಮಂದಿ ಇದನ್ನು ದಾಟಿಕೊಂಡು ಮುಂದಕ್ಕೆ ಹೋಗುವುದು ವಾಡಿಕೆ. ಹಕ್ಕು, ತೆರಿಗೆ, ದಂಡ ಮೊದಲಾದ ಮುಖ್ಯ ವಿಷಯಗಳೆಲ್ಲ ಮುಂದಿನ ಪುಟಗಳಲ್ಲಿ ಇರುವುವೆಂದೂ, ಪದಗಳ ಅರ್ಥವನ್ನು ಹೇಳುವ ಈ ಭಾಗವು ಬರಿಯ ಪೀಠಿಕೆಯೆಂದೂ ಅವರು ತಿಳಿಯುತ್ತಾರೆ. ಭೂಮಿಗೆ ಸಂಬಂಧಪಟ್ಟ ಕಾನೂನುಗಳ ಮಟ್ಟಿಗೆ ಈ ತಿಳಿವಳಿಕೆ ಸರಿಯಲ್ಲ. ಒಂದು ತುಂಡು ನೆಲವನ್ನು ಗೋಮಾಳವೆನ್ನಬೇಕೆ, ಖರಾಬು ಎನ್ನಬೇಕೆ, ವಸತಿ ವಲಯವೆನ್ನಬೇಕೆ ಎಂಬುದು ತೀರ್ಮಾನವಾದೊಡನೆ ಅಲ್ಲಿ ದನ ಮೇಯಬಹುದೆ, ಮನೆ ಏಳಬಹುದೆ, ಮಾರಾಟ ನಡೆಯಬಹುದೆ ಎಂಬುದೂ ಬಹುಮಟ್ಟಿಗೆ ತೀರ್ಮಾನವಾದಂತೆಯೇ. ಹೆಸರಿಟ್ಟವನೇ ಅರ್ಧ ನ್ಯಾಯವನ್ನು ಹೇಳಿ ಮುಗಿಸಿರುತ್ತಾನೆ.

ಕರ್ನಾಟಕದ ಭೂಬಳಕೆಯ ನಿಯಮಗಳಲ್ಲಿ ಬಳಕೆಯಾಗಿರುವ ಕೆಲವು ಪದಗಳ ಅರ್ಥವು ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಬದಲಾವಣೆಯಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯ ಘಟ್ಟದ ಪದಗಳು ‘ಈ ನೆಲವನ್ನು ಯಾರು, ಯಾವಾಗ, ಹೇಗೆ ಅನುಭವಿಸುತ್ತಾರೆ?’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತವೆ. ಎರಡನೆಯ ಘಟ್ಟದ ಪದಗಳು ‘ಈ ನೆಲದಿಂದ ಎಷ್ಟು ಕಂದಾಯ ಬರುತ್ತದೆ?’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತವೆ. ಮೂರನೆಯ ಘಟ್ಟದವು ‘ಇಲ್ಲಿ ಮುಂದೆ ಏನನ್ನು ಮಾಡಲು ಅನುಮತಿಯುಂಟು?’ ಎಂಬುದಕ್ಕೆ ಉತ್ತರ ಕೊಡುತ್ತವೆ. ಪದಗಳು ಎಷ್ಟೋ ವೇಳೆ ಹಳೆಯವೇ ಆಗಿ ಉಳಿದಿವೆ. ಅವುಗಳ ಹಿಂದಿನ ಪ್ರಶ್ನೆ ಮಾತ್ರ ಬದಲಾಗಿದೆ. ಹೀಗೆ ಪ್ರಶ್ನೆ ಬದಲಾದಾಗ, ಮೊದಲನೆಯ ಪ್ರಶ್ನೆಗೆ ಮಾತ್ರ ಸಲ್ಲುವಂಥ ಅನುಭೋಗಗಳು, ಎಂದರೆ ಮೇವು, ಸೊಪ್ಪು, ಸೌದೆ, ಮಣ್ಣು, ನೀರು, ಕಾಲುದಾರಿ ಇವು, ದಾಖಲೆಯಿಂದ ಒಂದೊಂದಾಗಿ ಜಾರಿಹೋದುವು. ಈ ಲೇಖನದ ವಾದವು ಇಷ್ಟೇ.

೨

ನಮ್ಮ ದಾನಶಾಸನಗಳನ್ನು ಓದಿದವರಿಗೆ ಗದ್ದೆ, ಬೆದ್ದಲೆ, ತೋಂಟ, ನಿವೇಶನ ಎಂಬ ಪದಗಳು ಪರಿಚಿತವಾದುವು. ನೀರು ನಿಲ್ಲಿಸಿ ಬೆಳೆಯುವ ನೆಲ ಗದ್ದೆ. ಮಳೆಯನ್ನು ನಂಬಿದ ನೆಲ ಬೆದ್ದಲೆ. ಮರಗಿಡಗಳನ್ನು ಸಾಕುವ ನೆಲ ತೋಂಟ. ಮನೆಗೆಂದು ಬಿಟ್ಟ ನೆಲ ನಿವೇಶನ. ಇವು ಯಾರೋ ಕುಳಿತು ರಚಿಸಿದ ಪರಿಭಾಷೆಗಳಲ್ಲ. ಉಳುವವನ ಬಾಯಲ್ಲಿದ್ದ ಮಾತನ್ನೇ ಶಾಸನಕಾರನು ಬರೆದುಕೊಂಡನು. ಅಳತೆಯ ಮಾತುಗಳೂ ಹೀಗೆಯೇ. ಖಂಡುಗವೆಂಬುದು ಮೂಲತಃ ಧಾನ್ಯದ ಅಳತೆ. ಅಷ್ಟು ಬೀಜವನ್ನು ಬಿತ್ತಲು ಸಾಕಾಗುವ ನೆಲವೇ ಒಂದು ಖಂಡುಗ ಗದ್ದೆ. ಮಣ್ಣು ಬೇರೆಯಾದರೆ ಖಂಡುಗದ ವಿಸ್ತಾರವೂ ಬೇರೆ. ಮತ್ತರು ಎಂಬ ಅಳತೆಯಾದರೂ ಆಯಾ ನಾಡಿನ ಅಳತೆಗೋಲನ್ನು ಅನುಸರಿಸಿ ಹೆಚ್ಚುಕಡಿಮೆಯಾಗುತ್ತಿತ್ತು. ಇಂದಿನ ಭೂಮಾಪಕನಿಗೆ ಇದು ದೊಡ್ಡ ದೋಷವಾಗಿ ಕಾಣುವುದು ಸಹಜ. ಆದರೆ ಆ ಪದವು ನೆಲದ ವಿಸ್ತಾರವನ್ನಷ್ಟೇ ಹೇಳುತ್ತಿರಲಿಲ್ಲ. ಆ ನೆಲಕ್ಕೂ ದುಡಿಮೆಗೂ ಇರುವ ಸಂಬಂಧವನ್ನು ಹೇಳುತ್ತಿತ್ತೆಂಬುದನ್ನು ಮರೆಯಲಾಗದು.

ದತ್ತಿಯ ನೆಲದ ಎಲ್ಲೆಯನ್ನು ಹೇಳುವಾಗ ಶಾಸನಗಳು ನಾಲ್ಕು ದಿಕ್ಕುಗಳ ಕೆರೆ, ಹಳ್ಳ, ಮರ, ಹುತ್ತ, ಬಂಡೆ, ದಾರಿಗಳನ್ನು ಹೆಸರಿಸುತ್ತವೆ. ವಿಜಯನಗರ ಕಾಲದ ದಾನಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಉಲ್ಲೇಖವು ಮತ್ತೆ ಮತ್ತೆ ಬರುತ್ತದೆ. ಈ ಪಟ್ಟಿಯು ಗಮನಾರ್ಹವಾದುದು. ನೆಲವೆಂದರೆ ಒಂದೇ ಒಂದು ವಸ್ತುವಲ್ಲ, ಹಲವು ಭೋಗಗಳ ಕಟ್ಟು ಎಂಬ ಕಲ್ಪನೆ ಇದರಲ್ಲಿದೆ. ನೀರು ಒಂದು ಭೋಗ, ಕಲ್ಲು ಒಂದು ಭೋಗ, ಈಗಾಗಲೇ ಸಿದ್ಧಿಸಿರುವುದು ಒಂದು, ಮುಂದೆ ಸಾಧಿಸಬಹುದಾದುದು ಇನ್ನೊಂದು. ದಾನ ಕೊಡುವವನು ಇವನ್ನು ಒಂದೊಂದಾಗಿ ಎಣಿಸಿ ಕೊಡಬೇಕಾಗಿತ್ತೆಂದ ಮೇಲೆ, ಇವು ಬೇರೆಬೇರೆಯವರ ಕೈಯಲ್ಲಿ ಇರುವುದು ಸಾಧ್ಯವಿತ್ತೆಂದೇ ಅರ್ಥ.

ಬಳಕೆಯನ್ನು ಹೆಸರಿಸುವ ಈ ಪದ್ಧತಿಯಲ್ಲಿ ಕಾಲಕ್ಕೂ ಸ್ಥಾನವಿತ್ತು. ಇದಕ್ಕೆ ಮೈಸೂರಿನ ಕಾವಲುಗಳಿಗಿಂತ ಉತ್ತಮ ನಿದರ್ಶನವು ದೊರೆಯಲಾರದು. ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ‘ಬೆಣ್ಣೆಚಾವಡಿ’ ಎಂಬ ಹೆಸರಿನಲ್ಲಿ ನಡೆಸಿದ ದನಗಳ ಇಲಾಖೆಯು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಅದಕ್ಕೆ ಸೇರಿದ ಹುಲ್ಲುಗಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಲಾಗಿತ್ತು. ಕೆರೆಯಂಗಳದ ಮಗ್ಗುಲಲ್ಲಿ ನೆರಳೂ ತೇವವೂ ಇರುವ ನೆಲವು ಬೇಸಗೆಗೆ. ಮಳೆ ಬಿದ್ದಾಗ ಹುಲ್ಲು ಚಿಗುರುವ ಬಯಲು ಮಳೆಗಾಲಕ್ಕೆ. ವರ್ಷದ ನಾಲ್ಕು ತಿಂಗಳು ತುಂಬಿದ್ದು ಉಳಿದ ಎಂಟು ತಿಂಗಳು ಬರಿದಾಗಿರುವ ಬಯಲು ಈ ಪರಿಭಾಷೆಯಲ್ಲಿ ‘ಖಾಲಿ’ ನೆಲವಾಗಿರಲಿಲ್ಲ. ಅದು ತನ್ನ ಸರದಿಗಾಗಿ ಕಾದಿರುವ ನೆಲವಾಗಿತ್ತು. ಈ ಅಂಶವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ಚರ್ಚೆಯು ಸುಲಭವಾಗುತ್ತದೆ.

೩

ಬೆಳೆಯನ್ನೂ ಮಣ್ಣನ್ನೂ ನೋಡಿ ಕಂದಾಯವನ್ನು ನಿಗದಿ ಮಾಡುವ ಪದ್ಧತಿಯು ನಮ್ಮಲ್ಲಿ ಹೊಸದೇನೂ ಅಲ್ಲ. ಕೆಳದಿಯ ಶಿವಪ್ಪನಾಯಕನ ಶಿಸ್ತು ಹದಿನೇಳನೆಯ ಶತಮಾನದಷ್ಟು ಹಿಂದಿನದು. ಆದರೆ ಒಂದು ನಾಡಿನ ಪ್ರತಿಯೊಂದು ತುಂಡು ನೆಲಕ್ಕೂ ಅಂಕೆಯನ್ನು ಕೊಟ್ಟು, ನಕ್ಷೆಯನ್ನು ಬರೆದು, ಒಂದೇ ಅಚ್ಚಿನ ಪರಿಭಾಷೆಯಲ್ಲಿ ಕೂಡಿಸುವ ಕಾರ್ಯವು ಸಂಸ್ಥಾನದಲ್ಲಿ ನಡೆದುದು ೧೮೬೩ರಿಂದ ಈಚೆಗೆ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಬೌರಿಂಗ್ ಅವರು ಕಮಿಷನರಾಗಿದ್ದರು. ಮುಂಬಯಿ ಪ್ರಾಂತದಲ್ಲಿ ರೂಪುಗೊಂಡಿದ್ದ ಸರ್ವೆ ಪದ್ಧತಿಯನ್ನೇ ಇಲ್ಲಿಯೂ ಅನುಸರಿಸಲಾಯಿತು. ಖಂಡುಗ ಮತ್ತರುಗಳ ಸ್ಥಾನದಲ್ಲಿ ಎಕರೆ ಗುಂಟೆಗಳು ನೆಲಸಿದುವು. ೪೦ ಗುಂಟೆಗೆ ಒಂದು ಎಕರೆ ಎಂಬ ಲೆಕ್ಕವು ಮಣ್ಣು ಯಾವುದಾದರೂ ಬದಲಾಗದು. ೧೮೮೮ರ ಮೈಸೂರು ಲ್ಯಾಂಡ್ ರೆವಿನ್ಯೂ ಕೋಡು ಈ ವ್ಯವಸ್ಥೆಗೆ ಕಾನೂನಿನ ಭದ್ರತೆಯನ್ನು ಕೊಟ್ಟಿತು.

ಸರ್ವೆಯ ಪರಿಭಾಷೆಯು ನೆಲವನ್ನು ತರಿ, ಖುಷ್ಕಿ, ಬಾಗಾಯ್ತು ಎಂದು ಮೂರಾಗಿ ವಿಂಗಡಿಸಿತು. ಮೂರೂ ಪಾರಸಿಯ ಮೂಲಕ ಬಂದ ಮಾತುಗಳು. ಒದ್ದೆ, ಒಣ, ತೋಟ ಎಂಬ ಅರ್ಥವುಳ್ಳವು. ಮೇಲುನೋಟಕ್ಕೆ ಇವು ಗದ್ದೆ, ಬೆದ್ದಲೆ, ತೋಟಗಳ ಅನುವಾದದಂತೆಯೇ ತೋರುತ್ತವೆ. ಆದರೆ ಇವುಗಳ ಪ್ರಯೋಜನ ಬೇರೆ. ಇವು ಕಂದಾಯದ ದರಗಳ ಹೆಸರುಗಳು. ಆದುದರಿಂದಲೇ ದರಕ್ಕೆ ಒಳಪಡದ ನೆಲಕ್ಕೆ ನಾಲ್ಕನೆಯದೊಂದು ಹೆಸರು ಬೇಕಾಯಿತು. ಆ ಹೆಸರೇ ‘ಖರಾಬು’.

ಖರಾಬು ಎಂಬುದು ಅರಬ್ಬಿಯಿಂದ ಬಂದ ಶಬ್ದ; ಹಾಳು, ಕೆಟ್ಟದ್ದು ಎಂದು ಅದರ ಅರ್ಥ. ಸರ್ವೆ ನಂಬರಿನ ಒಳಗಡೆಯೇ ಇದ್ದು ಸಾಗುವಳಿಗೆ ಬಾರದೆಂದು ಎಣಿಸಲಾದ ನೆಲವನ್ನು ಪಹಣಿಯಲ್ಲಿ ‘ಫೂಟ್ ಖರಾಬು’ ಎಂದು ಬರೆಯುವುದುಂಟು. ೧೯೬೬ರ ಭೂಕಂದಾಯ ನಿಯಮಗಳ ೨೧ನೆಯ ನಿಯಮವು ಇದನ್ನು ಎರಡಾಗಿ ವಿಂಗಡಿಸಿತು. ಸರ್ವೆಯ ಕಾಲದಲ್ಲಿ ಬೇಸಾಯಕ್ಕೆ ಅಯೋಗ್ಯವೆಂದು ಕಂಡುಬಂದ ನೆಲವು ‘ಅ’ ವರ್ಗದ್ದು. ಹಿಡುವಳಿದಾರನ ಬೇಸಾಯದ ಕಟ್ಟಡಗಳೂ ಕಣವೂ ಇದರೊಳಗೇ ಸೇರಿದುವು. ಸಾರ್ವಜನಿಕ ಕಾರ್ಯಕ್ಕೆ ಬಿಟ್ಟ ನೆಲ, ರಸ್ತೆ, ರೂಢಿಯ ಕಾಲುದಾರಿ, ಇತರರು ನೀರಾವರಿಗೆ ಬಳಸುವ ಕೆರೆ ಹಳ್ಳಗಳು, ಸ್ಮಶಾನ, ಊರಿನ ಕುಂಬಾರಿಕೆಗೆ ಬಿಟ್ಟ ಜಾಗ ಇವೆಲ್ಲ ‘ಬ’ ವರ್ಗದವು.

ಈ ಪಟ್ಟಿಯನ್ನು ಒಬ್ಬ ರೈತನ ಮುಂದೆ ಓದಿದರೆ ಅವನು ಏನೆಂದಾನು? ಕಣವೆಂಬುದು ವರ್ಷದ ದುಡಿಮೆಯೆಲ್ಲ ಧಾನ್ಯವಾಗಿ ಕೈಗೆ ಬರುವ ಸ್ಥಳ. ಸುಗ್ಗಿಯಲ್ಲಿ ಅದನ್ನು ಸಾರಿಸಿ, ಮೇಟಿಯನ್ನು ನೆಟ್ಟು, ರಾಶಿಗೆ ಪೂಜೆಯನ್ನು ಸಲ್ಲಿಸಿ, ಆಮೇಲೆ ಅಳೆಯುವುದು ನಮ್ಮ ಸೀಮೆಯ ಪದ್ಧತಿ. ಕಾನೂನಿನ ಭಾಷೆಯಲ್ಲಿ ಅದು ಖರಾಬು. ಕೆರೆ ಖರಾಬು, ಕುಂಬಾರನ ಮಣ್ಣಿನ ಗುಂಡಿ ಖರಾಬು, ಹಿರಿಯರನ್ನು ಮಣ್ಣು ಮಾಡಿದ ನೆಲವೂ ಖರಾಬು. ಈ ನಿಯಮವನ್ನು ಬರೆದವರಿಗೆ ಕೆರೆಯನ್ನಾಗಲಿ ಸ್ಮಶಾನವನ್ನಾಗಲಿ ಹೀಗಳೆಯುವ ಉದ್ದೇಶವಿತ್ತೆಂದು ಯಾರೂ ಹೇಳಲಾರರು. ‘ಬ’ ವರ್ಗವನ್ನು ಬೇರೆ ಮಾಡಿದುದೇ ಅವನ್ನು ಖಾಸಗಿ ಹಿಡುವಳಿಯಿಂದ ಕಾಪಾಡುವುದಕ್ಕಾಗಿ. ಆದರೆ ಕಂದಾಯ ಬಾರದ್ದು ಎಂಬ ಒಂದೇ ಲಕ್ಷಣದಿಂದ ಇಷ್ಟು ಭಿನ್ನವಾದ ನೆಲಗಳನ್ನು ಒಂದೇ ಹೆಸರಿನ ಕೆಳಗೆ ತಂದುದರ ಫಲವನ್ನು ಮುಂದಿನ ತಲೆಮಾರು ಉಣ್ಣಬೇಕಾಯಿತು. ಹೆಸರು ‘ಹಾಳು’ ಎಂದಿರುವಾಗ ಅದನ್ನು ‘ಉಪಯೋಗಕ್ಕೆ ತರುವುದು’ ಒಂದು ಸತ್ಕಾರ್ಯದಂತೆ ತೋರುವುದು ಅಸಹಜವಲ್ಲ.

೪

೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾದಾಗ ಐದು ಆಡಳಿತಗಳ ಭೂಮಿಯ ಮಾತುಗಳು ಒಂದೆಡೆ ಸೇರಿದುವು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಈ ಒಂದೊಂದಕ್ಕೂ ಅದರದೇ ಆದ ಕಂದಾಯದ ಪರಿಭಾಷೆಯಿತ್ತು. ಎಲ್ಲಕ್ಕೂ ಸಮನಾದ ಕಾನೂನೊಂದನ್ನು ರಚಿಸುವ ಯತ್ನವು ೧೯೬೪ರ ಭೂಕಂದಾಯ ಅಧಿನಿಯಮದಲ್ಲಿ ಕೊನೆಗಂಡಿತು. ಈ ಅಧಿನಿಯಮವು ಹಲವು ವಿಷಯಗಳಲ್ಲಿ ಏಕರೂಪತೆಯನ್ನು ಸಾಧಿಸಿತಾದರೂ, ಅದರ ೭೯ನೆಯ ಪ್ರಕರಣದಲ್ಲಿ ಪರಿಭಾಷೆಯು ತನ್ನ ಸೋಲನ್ನು ತಾನೇ ಒಪ್ಪಿಕೊಂಡಿದೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆಗಳು. ಉತ್ತರ ಕನ್ನಡದ ಬೆಟ್ಟ, ಹಾಡಿಗಳು. ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನಬೆಟ್ಟಗಳು. ಕೊಡಗಿನ ಜಮ್ಮ, ಬಾಣೆಗಳು. ಹೈದರಾಬಾದು ಪ್ರದೇಶದ ಮೋಟಸ್ಥಳ ತರಿ ಇವುಗಳಿಗೆ ಹಿಂದಿನಿಂದ ಬಂದ ಸವಲತ್ತುಗಳು ಮುಂದುವರಿಯತಕ್ಕುದೆಂದು ಆ ಪ್ರಕರಣವು ಹೇಳಿತು. ಈ ಪದಗಳನ್ನೆಲ್ಲ ಒಂದೇ ಪಾರಿಭಾಷಿಕ ಶಬ್ದದಲ್ಲಿ ಅಡಗಿಸುವುದು ಆಗಲಿಲ್ಲ. ಜಿಲ್ಲೆಯ ಹೆಸರನ್ನೂ ಜನರ ಮಾತನ್ನೂ ಹಾಗೆಯೇ ಉಳಿಸಬೇಕಾಯಿತು.

ಇವುಗಳಲ್ಲಿ ಕುಮ್ಕಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ನೆರವು ಎಂಬ ಅರ್ಥದ ‘ಕುಮಕ್’ ಎಂಬ ಪಾರಸಿ ಮಾತೇ ಇದರ ಮೂಲ. ನಾವು ದಿನವೂ ಆಡುವ ‘ಕುಮ್ಮಕ್ಕು’ ಇದರ ಇನ್ನೊಂದು ರೂಪ. ವರ್ಗದ ಭೂಮಿಯ ಎಲ್ಲೆಯಿಂದ ೧೦೦ ಗಜದೊಳಗಿನ ಸರ್ಕಾರಿ ನೆಲದಲ್ಲಿ ವರ್ಗದಾರನು ಸೊಪ್ಪು, ಹುಲ್ಲು, ಸೌದೆಗಳನ್ನು ತಂದುಕೊಳ್ಳುವ ಸವಲತ್ತೇ ಕುಮ್ಕಿ. ಗದ್ದೆಗೆ ಗುಡ್ಡವು ಕೊಡುವ ನೆರವೆಂಬುದು ಈ ಪದದಲ್ಲಿಯೇ ಅಡಗಿದೆ. ಸೊಪ್ಪಿನಬೆಟ್ಟಕ್ಕೂ ಅಡಕೆ ತೋಟಕ್ಕೂ ಇರುವ ಸಂಬಂಧ, ಕೊಡಗಿನ ಬಾಣೆಗೂ ಅಲ್ಲಿನ ಭತ್ತದ ಗದ್ದೆಗೂ ಇರುವ ಸಂಬಂಧ ಇದೇ ಜಾತಿಯದು. ಒಂದು ನೆಲವು ಇನ್ನೊಂದನ್ನು ಬಿಟ್ಟು ಅರ್ಥವಾಗದು. ಸರ್ವೆ ನಂಬರಾದರೋ ಪ್ರತಿಯೊಂದು ತುಂಡನ್ನೂ ಪ್ರತ್ಯೇಕವಾಗಿಯೇ ಕಾಣುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಕಾನೂನು ಇವನ್ನು ‘ಸವಲತ್ತು’ ಎಂದಿತೇ ಹೊರತು ಒಡೆತನವೆನ್ನಲಿಲ್ಲ. ಬಾಣೆಯಲ್ಲಿ ಕಾಫಿಗಿಡವನ್ನು ನೆಟ್ಟ ಮೇಲೆ ಅದು ಮೇವು, ಸೊಪ್ಪು, ಸೌದೆ, ಮನೆಬಳಕೆಯ ಮರ ಇವುಗಳಿಗಾಗಿ ಬಿಟ್ಟ ನೆಲವೆಂಬ ಹಳೆಯ ಲಕ್ಷಣಕ್ಕೆ ಹೊಂದಲಿಲ್ಲ. ಕುಮ್ಕಿಯಲ್ಲಿ ತೋಟವೆದ್ದಾಗಲೂ ಇದೇ ತೊಡಕು. ಲಕ್ಷಣವನ್ನು ಬದಲಿಸಬೇಕೆ, ಬಳಕೆಯನ್ನು ತಡೆಯಬೇಕೆ ಎಂಬ ವ್ಯಾಜ್ಯವು ದಶಕಗಳುದ್ದಕ್ಕೂ ನಡೆದು ಬಂದುದಕ್ಕೆ ಇದೇ ಕಾರಣ.

ಗೋಮಾಳದ ಕಥೆಯು ಇನ್ನೂ ಸರಳವಾದುದು, ಇನ್ನೂ ಖೇದಕರವಾದುದು. ಮಾಳವೆಂದರೆ ಬಯಲು, ಊರ ದನ ಸೇರುವ ಬಯಲು ಗೋಮಾಳ. ೧೯೬೪ರ ಅಧಿನಿಯಮದ ೭೧ನೆಯ ಪ್ರಕರಣವು ಊರ ದನಗಳ ಉಚಿತ ಮೇವಿಗಾಗಿ ಸರ್ಕಾರಿ ನೆಲವನ್ನು ಗೊತ್ತು ಮಾಡಲು ಅವಕಾಶವಿತ್ತಿತು. ೧೯೬೬ರ ನಿಯಮಗಳ ೯೭ನೆಯ ನಿಯಮವು ೧೦೦ ದನಗಳಿಗೆ ೩೦ ಎಕರೆ ಎಂಬ ಪ್ರಮಾಣವನ್ನು ಹೇಳಿತು. ಮೆಟ್ರಿಕ್ ಅಳತೆಯಲ್ಲಿ ಇದೇ ೧೨ ಹೆಕ್ಟೇರ್. ರಕ್ಷಣೆಗೆಂದು ಇಟ್ಟ ಅಂಕೆಯಿದು. ಆದರೆ ಅಂಕೆಗೆ ಎರಡು ಮುಖಗಳಿವೆ. ದನಗಳು ಕಡಿಮೆಯಾದರೆ ಗೋಮಾಳವು ‘ಹೆಚ್ಚುವರಿ’ಯಾಗುತ್ತದೆ, ಹೆಚ್ಚುವರಿಯಾದುದನ್ನು ಹಂಚಬಹುದು. ಗೋಮಾಳ ಕುಗ್ಗಿದಂತೆ ದನ ಸಾಕುವುದು ಕಷ್ಟವಾಗುತ್ತದೆ. ದನ ಕುಗ್ಗಿದಂತೆ ಗೋಮಾಳ ಮತ್ತೆ ಹೆಚ್ಚುವರಿಯೆನಿಸುತ್ತದೆ. ಬಯಲೊಂದನ್ನು ಅನುಭೋಗದಿಂದ ಗುರುತಿಸುವುದಕ್ಕೂ ತಲೆಯೆಣಿಕೆಯಿಂದ ಗುರುತಿಸುವುದಕ್ಕೂ ಇರುವ ಅಂತರ ಇದು.

೫

ಮೂರನೆಯ ಘಟ್ಟದ ಪರಿಭಾಷೆಯು ನಮ್ಮಲ್ಲಿ ಹುಟ್ಟಿದುದಲ್ಲ. ಊರನ್ನು ವಲಯಗಳಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಇಂಥ ಕಟ್ಟಡ ಇಂಥ ಬಳಕೆ ಮಾತ್ರ ಸಲ್ಲುವುದೆಂದು ವಿಧಿಸುವ ಪದ್ಧತಿಯು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ೧೮೯೧ರಲ್ಲಿಯೂ, ನ್ಯೂಯಾರ್ಕ್ ನಗರದಲ್ಲಿ ೧೯೧೬ರಲ್ಲಿಯೂ ಆಚರಣೆಗೆ ಬಂದಿತು. ಓಹಾಯೊ ಸಂಸ್ಥಾನದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೨೬ರಲ್ಲಿ ಇದನ್ನು ಎತ್ತಿಹಿಡಿಯಿತು. ಬ್ರಿಟನ್ನಿನ ೧೯೪೭ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಇನ್ನೂ ಮುಂದಕ್ಕೆ ಹೋಗಿ, ಅನುಮತಿಯಿಲ್ಲದೆ ಯಾವ ನೆಲದ ಬಳಕೆಯನ್ನೂ ಗಣನೀಯವಾಗಿ ಬದಲಿಸಕೂಡದೆಂದು ವಿಧಿಸಿತು. ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, ೧೯೬೧ ಎಂಬುದು ಈ ಬ್ರಿಟಿಷ್ ಮಾದರಿಗೆ ಋಣಿಯಾಗಿದೆ. ಅದು ಜಾರಿಗೆ ಬಂದುದು ೧೯೬೫ರ ಜನವರಿ ೧೫ರಂದು. ಇದಕ್ಕೆ ಮೊದಲು ಊರುಗಳ ವಿಸ್ತರಣೆಯ ಕೆಲಸವು ನಡೆದಿರಲಿಲ್ಲವೆಂದಲ್ಲ. ಮೈಸೂರಿನಲ್ಲಿ ೧೯೦೩ರಲ್ಲಿಯೂ ಬೆಂಗಳೂರಿನಲ್ಲಿ ೧೯೪೫ರಲ್ಲಿಯೂ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಗಳು ಸ್ಥಾಪಿತವಾಗಿದ್ದುವು. ಆದರೆ ಬಡಾವಣೆಯನ್ನು ಕಟ್ಟುವುದು ಬೇರೆ, ಇಡೀ ಪ್ರದೇಶದ ಪ್ರತಿಯೊಂದು ತುಂಡಿಗೂ ಮುಂದಿನ ಬಳಕೆಯನ್ನು ಗೊತ್ತು ಮಾಡುವುದು ಬೇರೆ.

ಈ ಅಧಿನಿಯಮದ ಎರಡನೆಯ ಪ್ರಕರಣದಲ್ಲಿರುವ ಎರಡು ಪರಿಭಾಷೆಗಳು ನಮ್ಮ ವಿಷಯಕ್ಕೆ ಮುಖ್ಯವಾದುವು. ಮೊದಲನೆಯದು ‘ಡೆವಲಪ್‌ಮೆಂಟ್’. ನೆಲದೊಳಗೆ, ನೆಲದ ಮೇಲೆ, ಅದರ ಕೆಳಗೆ ನಡೆಸುವ ಕಟ್ಟಡದ, ಎಂಜಿನಿಯರಿಂಗಿನ, ಗಣಿಯ ಅಥವಾ ಇತರ ಕೆಲಸ. ಕಟ್ಟಡದಲ್ಲಿ ಇಲ್ಲವೆ ನೆಲದಲ್ಲಿ ಅಥವಾ ಅದರ ಬಳಕೆಯಲ್ಲಿ ಗಣನೀಯವಾದ ಬದಲಾವಣೆ. ನೆಲವನ್ನು ತುಂಡುಮಾಡುವುದು ಇವೆಲ್ಲ ಆ ಪದದ ಅರ್ಥವ್ಯಾಪ್ತಿಯಲ್ಲಿ ಬರುತ್ತವೆ. ಇದರಲ್ಲಿ ಒಳಿತು ಕೆಡುಕಿನ ಸೂಚನೆಯೇ ಇಲ್ಲ. ಕನ್ನಡದಲ್ಲಿ ಈ ಪದಕ್ಕೆ ‘ಅಭಿವೃದ್ಧಿ’ ಎಂಬ ಮಾತು ನೆಲೆನಿಂತಿತು. ಅಭಿವೃದ್ಧಿಯೆಂದರೆ ನಮ್ಮ ಭಾಷೆಯಲ್ಲಿ ಏಳಿಗೆ. ಮನೆತನದ ಅಭಿವೃದ್ಧಿ, ವಿದ್ಯಾಭಿವೃದ್ಧಿ ಎಂದು ಹರಸುವಾಗ ಬಳಸುವ ಮಾತು. ಕಾನೂನಿನ ಪ್ರಕಾರ ಕೆರೆಯನ್ನು ಮುಚ್ಚುವುದೂ, ತೋಪನ್ನು ಕಡಿದು ನಿವೇಶನಗಳಾಗಿ ಹಂಚುವುದೂ ಅನುಮತಿ ಬೇಕಾದ ‘ಅಭಿವೃದ್ಧಿ’ಯೇ. ನಿಯಂತ್ರಿಸಬೇಕಾದ ಕ್ರಿಯೆಗೆ ಇಟ್ಟ ಹೆಸರು ಹಾರೈಸಬೇಕಾದ ಫಲದ ಹೆಸರಾಗಿಬಿಟ್ಟಿತು. ಈ ಭಾಷಾಂತರದ ಆಯ್ಕೆಯಿಂದ ಸಾರ್ವಜನಿಕ ಚರ್ಚೆಗೆ ಆದ ಹಾನಿಯು ಅಲ್ಪವಲ್ಲ. ಅಭಿವೃದ್ಧಿಯನ್ನು ಪ್ರಶ್ನಿಸುವವನು ಏಳಿಗೆಯನ್ನೇ ವಿರೋಧಿಸುವವನಂತೆ ಕಾಣಬೇಕಾಯಿತು.

ಎರಡನೆಯದು ‘ಭೂಬಳಕೆ’. ಗೊತ್ತಾದ ಒಂದು ದಿನದಂದು ಒಂದು ತುಂಡು ನೆಲವು ಯಾವ ಪ್ರಧಾನ ಕಾರ್ಯಕ್ಕೆ ಬಳಕೆಯಾಗುತ್ತಿದೆಯೋ ಅದೇ ಅದರ ಬಳಕೆ ಎಂದು ಅಧಿನಿಯಮದ ತಾತ್ಪರ್ಯ. ಇದರಲ್ಲಿ ‘ಪ್ರಧಾನ’ ಮತ್ತು ‘ಗೊತ್ತಾದ ದಿನ’ ಎಂಬ ಎರಡು ಮಾತುಗಳ ಭಾರವನ್ನು ತೂಗಿ ನೋಡಬೇಕು. ನಮ್ಮ ಪೇಟೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಅಟ್ಟದ ಮೇಲೆ ಉಗ್ರಾಣ ಇರುವುದು ವಾಡಿಕೆ. ನೇಕಾರನ ಮನೆಯಲ್ಲಿ ಮಗ್ಗದ ಗುಂಡಿಯು ಪಡಸಾಲೆಯಲ್ಲಿಯೇ ಇರುತ್ತದೆ. ಅದು ಮನೆಯೊ ಕಾರ್ಖಾನೆಯೊ? ಬೆಂಗಳೂರಿನ ಬಳೆಪೇಟೆ, ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಕಸುಬಿನ ಗುರುತುಗಳೇ ಆದರೂ ಆ ಕಸುಬಿನವರು ಅಲ್ಲಿಯೇ ವಾಸವನ್ನೂ ಮಾಡುತ್ತಿದ್ದರು. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಎಂದು ನಕ್ಷೆಗೆ ಬಣ್ಣ ಬಳಿಯುವಾಗ ಇಂಥ ಮನೆಗೆ ಒಂದೇ ಬಣ್ಣವನ್ನು ಕೊಡಬೇಕಾಗುತ್ತದೆ. ಆಮೇಲೆ, ವಸತಿ ವಲಯದಲ್ಲಿ ಇಂತಿಷ್ಟು ಅಶ್ವಶಕ್ತಿಯೊಳಗಿನ ಗೃಹಕೈಗಾರಿಕೆಗೆ ಅವಕಾಶವುಂಟೆಂಬ ವಿನಾಯಿತಿಗಳನ್ನು ನಿಯಮಾವಳಿಯಲ್ಲಿ ಸೇರಿಸಬೇಕಾಗುತ್ತದೆ. ಜೀವನವು ಲಕ್ಷಣದೊಳಗೆ ಹಿಡಿಸದಿದ್ದಾಗ ವಿನಾಯಿತಿಯ ಬಾಗಿಲಿನಿಂದ ಒಳಗೆ ಬರುತ್ತದೆ.

ಒಂದೇ ಕಾಲದ ಎರಡು ಕಾನೂನುಗಳು ಒಂದೇ ಪದವನ್ನು ಹೇಗೆ ಬೇರೆಬೇರೆಯಾಗಿ ಹಿಡಿಯುತ್ತವೆಂಬುದಕ್ಕೆ ‘ಕೃಷಿ’ ಎಂಬುದು ಉದಾಹರಣೆ. ಯೋಜನಾ ಅಧಿನಿಯಮವು ಹೂ, ಹಣ್ಣು, ಮೇವು, ಮರ, ದನ, ಮೀನು, ಜೇನು ಎಲ್ಲವನ್ನೂ ಕೃಷಿಯಲ್ಲಿ ಸೇರಿಸಿ, ಕಟ್ಟಡಕ್ಕೆ ಹೊಂದಿದ ಕೈತೋಟವನ್ನು ಮಾತ್ರ ಹೊರಗಿಟ್ಟಿತು. ೧೯೬೧ರದೇ ಆದ ಭೂಸುಧಾರಣಾ ಅಧಿನಿಯಮವು ಬೆಳೆ, ಹುಲ್ಲು, ಹೈನು, ಮೇವುಗಳನ್ನು ಸೇರಿಸಿಕೊಂಡು, ಬರಿಯ ಮರ ಕಡಿಯುವುದನ್ನು ಹೊರಗಿಟ್ಟಿತು. ಭೂಸುಧಾರಣೆಯ ದೃಷ್ಟಿಯಲ್ಲಿ ಕೃಷಿಗೆ ಬಳಕೆಯಾಗುತ್ತಿರುವ ನೆಲದಂತೆಯೇ ‘ಬಳಕೆಯಾಗಬಲ್ಲ’ ನೆಲವೂ ಕೃಷಿಭೂಮಿಯೇ. ಯೋಜನೆಯ ದೃಷ್ಟಿಯಲ್ಲಿ ಗೊತ್ತಾದ ದಿನದ ಬಳಕೆಯೇ ಪ್ರಮಾಣ. ಕಾಫಿ, ಚಹ, ರಬ್ಬರು, ಏಲಕ್ಕಿ, ಮೆಣಸುಗಳನ್ನು ‘ಪ್ಲಾಂಟೇಷನ್’ ಬೆಳೆಗಳೆಂದು ಹೆಸರಿಸಿದುದರಿಂದ ಅವುಗಳ ತೋಟಗಳು ಹಿಡುವಳಿಯ ಮಿತಿಯಿಂದ ಪಾರಾದುವು. ಆ ಪಟ್ಟಿಯಲ್ಲಿಲ್ಲದ ಅಡಕೆ ತೋಟಕ್ಕೆ ಈ ಭಾಗ್ಯವಿರಲಿಲ್ಲ. ಎರಡೂ ಮಲೆನಾಡಿನ ಇಳಿಜಾರಿನಲ್ಲಿ ಮಗ್ಗುಲುಮಗ್ಗುಲಾಗಿ ಇರುವ ತೋಟಗಳು. ಅಂತರವಿದ್ದುದು ಪಟ್ಟಿಯಲ್ಲಿ.

೬

ಒಂದು ದಿನದ ಬಳಕೆಯನ್ನು ಪ್ರಮಾಣವಾಗಿ ಹಿಡಿದರೆ ಋತುವನ್ನು ಅನುಸರಿಸಿ ಬದಲಾಗುವ ನೆಲಕ್ಕೆ ಗತಿಯೇನು? ಕೆರೆಯನ್ನು ನೋಡೋಣ. ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು, ನೀರು ಹರಿದುಬರುವ ಕಾಲುವೆ ಇವೆಲ್ಲ ಕೂಡಿದರೆ ಕೆರೆ. ಕಾರ್ತಿಕದಲ್ಲಿ ತುಂಬಿದ್ದು ಚೈತ್ರದಲ್ಲಿ ಒಣಗುವುದು ಬಯಲುಸೀಮೆಯ ಕೆರೆಯ ಧರ್ಮ. ಒಣಗಿದ ಅಂಗಳದಲ್ಲಿ ದನ ಮೇಯುತ್ತದೆ, ರೈತ ಗೋಡನ್ನು ಹೊಲಕ್ಕೆ ಹೊಡೆಯುತ್ತಾನೆ. ಈ ಕೆರೆಯನ್ನು ಬೇಸಗೆಯಲ್ಲಿ ನೋಡಿದವನು ಬಯಲೆಂದು ಬರೆದರೆ, ಮಳೆಗಾಲದಲ್ಲಿ ಅದು ತನ್ನ ಹಳೆಯ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ಸಿನ ನಿಲ್ದಾಣವೂ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವೂ ಬಂದಿರುವುದು ಎಲ್ಲರೂ ಬಲ್ಲ ಸಂಗತಿ.

ಕೆರೆಯ ಎಲ್ಲೆ ಎಲ್ಲಿ ಮುಗಿಯುತ್ತದೆಂಬುದೂ ಪರಿಭಾಷೆಯ ಪ್ರಶ್ನೆಯೇ. ೨೦೦೭ರಲ್ಲಿ ಮಂಜೂರಾದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ಕೆರೆಯ ಸುತ್ತ ೩೦ 
ಮೀಟರು, ರಾಜಕಾಲುವೆಗಳಿಗೆ ಅವುಗಳ ದರ್ಜೆಯನ್ನು ನೋಡಿ ೫೦, ೨೫, ೧೫ ಮೀಟರು ರಕ್ಷಣಾವಲಯವನ್ನು ಗೊತ್ತು ಮಾಡಿತು. ೨೦೧೬ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಕೆರೆಯ ಅಂತರವನ್ನು ೭೫ ಮೀಟರಿಗೆ ಏರಿಸಿತು. ಮಹಾಯೋಜನೆಯು ಕಾನೂನಿನ ಬಲವುಳ್ಳದ್ದಾದುದರಿಂದ ಅದನ್ನು ಹೀಗೆ ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ಆ ಏರಿಕೆಯನ್ನು ರದ್ದುಗೊಳಿಸಿತು. ನ್ಯಾಯದ ಗುಣದೋಷವನ್ನು ಇಲ್ಲಿ ವಿಚಾರಿಸುವುದಿಲ್ಲ. ಹಳ್ಳಿಯವನಿಗೆ ಒಂದೇ ವಸ್ತುವಾಗಿದ್ದ ಕೆರೆಯು ನಗರದ ನಿಯಮದಲ್ಲಿ ನೀರು, ನೀರಿನ ಅಂಚು, ಅಂಚಿನ ಆಚೆಯ ಪಟ್ಟಿ ಎಂದು ಮೂರಾಗಿ ಒಡೆದುದನ್ನೂ, ಒಂದೊಂದು ಮೀಟರೂ ಮೊಕದ್ದಮೆಗೆ ಆಸ್ಪದವಾದುದನ್ನೂ ಗಮನಿಸಿದರೆ ಸಾಕು.

ಕಾವಲುಗಳ ಗತಿಯೂ ಇಂಥದೇ. ಋತುವಿನ ಹೆಸರನ್ನು ಹೊತ್ತಿದ್ದ ಹುಲ್ಲುಗಾವಲುಗಳು ಕಾಡೆ, ಗೋಮಾಳವೆ, ಕಂದಾಯ ಇಲಾಖೆಯ ಬೀಳುಭೂಮಿಯೆ ಎಂಬ ಪ್ರಶ್ನೆಗೆ ಒಂದೊಂದು ಕಡತವು ಒಂದೊಂದು ಉತ್ತರವನ್ನು ಕೊಟ್ಟಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸೀಮೆಯಲ್ಲಿ ೨೦೦೮ರಿಂದ ಈಚೆಗೆ ಇಂಥ ಸಾವಿರಾರು ಎಕರೆ ಕಾವಲನ್ನು ಸಂಶೋಧನೆ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಕೊಟ್ಟಾಗ ಕುರಿ ದನ ಕಾಯುವವರ ಮುಂದೆ ಬೇಲಿಯೆದ್ದಿತು. ಆ ಸಂಸ್ಥೆಗಳ ಕಾರ್ಯವು ರಾಷ್ಟ್ರಕ್ಕೆ ಬೇಕಾದುದೇ ಇರಬಹುದು. ಆದರೂ ಮರವಿಲ್ಲದ ಹುಲ್ಲಿನ ಬಯಲನ್ನು ಖಾಲಿಯೆಂದು ಎಣಿಸುವ ಪರಿಭಾಷೆಯಿಲ್ಲದಿದ್ದರೆ ಆ ತೀರ್ಮಾನವು ಇಷ್ಟು ಸುಲಭವಾಗುತ್ತಿರಲಿಲ್ಲವೆಂದು ಹೇಳಬಹುದು.

೭

ಇಷ್ಟನ್ನು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಸಮಾಧಾನವನ್ನು ಹೇಳಬೇಕಾಗಿದೆ. ಹಳೆಯ ಪದಗಳ ಕಾಲವು ಸುವರ್ಣಯುಗವಾಗಿತ್ತೆ? ಅಲ್ಲ. ಕುಮ್ಕಿಯ ಸವಲತ್ತು ವರ್ಗದಾರನಿಗೆ ಇತ್ತೇ ಹೊರತು ಅವನ ಗದ್ದೆಯಲ್ಲಿ ದುಡಿಯುವ ಭೂಹೀನನಿಗೆ ಇರಲಿಲ್ಲ. ಅಷ್ಟಭೋಗಗಳು ದಾನ ಪಡೆದವನಿಗೆ ಸಂದುವೇ ಹೊರತು ಉಳುವವನಿಗೆ ಸಲ್ಲಲಿಲ್ಲ. ಕೇರಿಗಳ ವಿಂಗಡಣೆಯಲ್ಲಿ ಜಾತಿಯ ಗೋಡೆಯು ಇದ್ದೇ ಇತ್ತು. ಬರೆಯದ ವಲಯನಿಯಮವು ಬರೆದುದಕ್ಕಿಂತ ಕಠಿನವಾಗಿತ್ತು. ಲಿಖಿತ ಪರಿಭಾಷೆಯಿಂದ ದುರ್ಬಲರಿಗೆ ರಕ್ಷಣೆ ದೊರೆತ ಸಂದರ್ಭಗಳೂ ಉಂಟು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು; ಉದ್ಯಾನವನ್ನು ಹಾಗೆ ಬದಲಿಸುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿ ತೀರ್ಪಿತ್ತಿತು. ೨೦೧೧ರಲ್ಲಿ ಪಂಜಾಬಿನ ಒಂದು ಊರಿನ ಕೊಳದ ವಿಷಯದಲ್ಲಿ ಅದೇ ನ್ಯಾಯಾಲಯವು, ಊರೊಟ್ಟಿನ ನೆಲದ ಅಕ್ರಮ ಒತ್ತುವರಿಯನ್ನು ತೆರವು ಮಾಡಿಸುವಂತೆ ಎಲ್ಲ ರಾಜ್ಯಗಳಿಗೂ ಸೂಚನೆಯನ್ನು ಕೊಟ್ಟಿತು. ದಾಖಲೆಯಲ್ಲಿ ಉದ್ಯಾನ, ಕೊಳ ಎಂಬ ಹೆಸರುಗಳು ಇದ್ದುದರಿಂದಲೇ ಈ ವಾದಗಳು ನಿಂತುವು.

ಆದುದರಿಂದ ಪರಿಭಾಷೆಯು ಬೇಡವೆಂಬುದು ನಮ್ಮ ಮತವಲ್ಲ. ಪರಿಭಾಷೆಯು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ತಿಳಿದು ಅದನ್ನು ಬಳಸಬೇಕೆಂಬುದು ಮತ. ಕಂದಾಯದ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ‘ಖರಾಬು’ ಎಂಬ ಪದವನ್ನು ಬಳಕೆಯ ಪ್ರಶ್ನೆಗೆ ಉತ್ತರವೆಂದು ಓದುವುದು ತಪ್ಪು. ಅನುಮತಿಯ ಪ್ರಶ್ನೆಗೆ ಉತ್ತರವಾದ ‘ಅಭಿವೃದ್ಧಿ’ಯನ್ನು ಏಳಿಗೆಯೆಂದು ಓದುವುದೂ ತಪ್ಪು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸ ಕಾದಿದೆ. ತಮ್ಮ ತಮ್ಮ ಊರಿನ ಗ್ರಾಮನಕ್ಷೆಯನ್ನೂ, ಆಕಾರಬಂದನ್ನೂ, ಪಹಣಿಯನ್ನೂ ಮುಂದಿಟ್ಟುಕೊಂಡು, ‘ಖರಾಬು’ ಎಂದು ಬರೆದಿರುವ ಒಂದೊಂದು ತುಂಡು ನೆಲಕ್ಕೂ ಊರಿನ ಹಿರಿಯರು ಯಾವ ಹೆಸರನ್ನು ಹೇಳುತ್ತಾರೆಂದು ಕೇಳಿ ಬರೆದುಕೊಳ್ಳಬೇಕು. ಗುಂಡುತೋಪು, ಹುಲ್ಲುಬನ್ನಿ, ಕಣದ ಹೊಲ, ಬೂದಿಗುಂಡಿ, ಕುಂಬಾರಗುಂಡಿ, ದನದ ದಾರಿ ಹೀಗೆ ಎಷ್ಟೋ ಹೆಸರುಗಳು ಇಂದಿಗೂ ಅವರ ನಾಲಗೆಯ ಮೇಲಿವೆ. ಅವು ಯಾವ ಅಧಿನಿಯಮದ ಪರಿಭಾಷಾ ಪ್ರಕರಣದಲ್ಲಿಯೂ ಇಲ್ಲ. ಮುಂದೆ ಎಂದಾದರೂ ಭೂಬಳಕೆಯ ನಿಯಮಗಳನ್ನು ಹೊಸದಾಗಿ ಬರೆಯುವವರು ಅವನ್ನು ಹುಡುಕಿಕೊಂಡು ಬಂದರೆ, ಕೊಡಲು ನಮ್ಮ ಕೈಯಲ್ಲಿ ಒಂದು ಪಟ್ಟಿಯಾದರೂ ಇರಬೇಕು.